ಅರ್ಧ ಚಾಪೆಯ ತೊಟ್ಟಿ

ಕ್ಯೋಟೋದ ಚಾಪೆ ನೇಯುವ ಮನೆತನದಲ್ಲಿ ಹುಟ್ಟಿದ ಮೊರಿಹಿಸ ಅವರಿಗೆ ಒಂದೇ ಕೊರಗು: ಊರೆಲ್ಲ ಮೆಚ್ಚಿದ ತಮ್ಮ ಕಣ್ಣಳತೆಯನ್ನು ಹೆಂಡತಿ ಕಿನುಯೊ ಮಾತ್ರ ಎಂದೂ ನಂಬಲಿಲ್ಲ.

ನಿವೃತ್ತರಾಗಿ ಟೋಕಿಯೋದ ಪುಟ್ಟ ಫ್ಲ್ಯಾಟಿಗೆ ಬಂದ ಮೇಲೆ ಅವರು ಕೆಂಪು ಹೊಟ್ಟೆಯ ಆರು ನ್ಯೂಟ್‌ಗಳನ್ನು ಸಾಕಿಕೊಂಡಿದ್ದರು. (ನೀರಿನಲ್ಲಿರುವ ಹಲ್ಲಿಯಂಥ ಜೀವಿಗಳು, ಹಲ್ಲಿ ಎಂದರೆ ಯಜಮಾನರು ನೊಂದುಕೊಳ್ಳುತ್ತಿದ್ದರು.) ಸದ್ಯಕ್ಕೆ ಅವುಗಳ ಅರಮನೆ, ಕಿನುಯೊ ಅವರ ಉಪ್ಪಿನಕಾಯಿ ಭರಣಿ.

"ಭಾನುವಾರದೊಳಗೆ ಭರಣಿ ಖಾಲಿ ಆಗ್ಬೇಕು. ಇಲ್ಲದಿದ್ರೆ ನಮ್ಮಣ್ಣನ ಮನೆ ಕೊಳಕ್ಕೆ ಬಿಟ್ಟು ಬರ್ತೀನಿ."

"ಅಲ್ಲಿ ದಿನಾ ಬಕಪಕ್ಷಿ ಬರತ್ತೆ ಕಣೇ, ಒಂದನ್ನೂ ಉಳಿಸಲ್ಲ."

"ಹಾಗಾದ್ರೆ ಗಾಜಿನ ತೊಟ್ಟಿ ತನ್ನಿ. ಕಪಾಟಿನ ಪಕ್ಕದ ಸಂದು ನಿಮ್ಮದು. ಒಂದು ಬೆರಳೂ ಆಚೆ ಬರಕೂಡದು."

"ಇವಕ್ಕೆ ಎತ್ತರ ಬೇಡ, ಓಡಾಡೋಕೆ ನೆಲ ಬೇಕು. ಆರಕ್ಕೆ ತೊಂಬತ್ತು ಸೆಂಟಿಮೀಟರ್ ಉದ್ದದ್ದೇ ತರ್ತೀನಿ."

"ಸಂದು ಅಳೆದ್ರಾ?"

"ಅಳೆಯೋದೇನು? ನಮ್ಮಲ್ಲಿ ಕೋಣೆ ಕಟ್ಟೋದೇ ನೆಲದ ಚಾಪೆ ಲೆಕ್ಕದಲ್ಲಿ. ಈ ಸಂದು ಅರ್ಧ ಚಾಪೆ. ಅಂದ್ರೆ ತೊಂಬತ್ತೈದು. ತೊಟ್ಟಿಲಲ್ಲೇ ಕಲಿತ ಲೆಕ್ಕ ಇದು."

ಶನಿವಾರ ಮಧ್ಯಾಹ್ನ ತೊಟ್ಟಿ ಬಂತು. ಸಂದಿಯ ಬಾಯಲ್ಲೇ ಅಡ್ಡವಾಗಿ ನಿಂತಿತು. ಕ್ಯೋಟೋದ ಅರ್ಧ ಚಾಪೆ ತೊಂಬತ್ತೈದು, ನಿಜ; ಟೋಕಿಯೋದ ಇಂಥ ಕಟ್ಟಡಗಳ ಅರ್ಧ ಚಾಪೆ ಬರೀ ಎಂಬತ್ತೈದು. ಮೂರು ತಲೆಮಾರಿನ ಕಣ್ಣಳತೆ ಐದು ಸೆಂಟಿಮೀಟರಿನಲ್ಲಿ ಮಣ್ಣುಪಾಲಾಯಿತು. ಮೊರಿಹಿಸ ತೊಟ್ಟಿಗೆ ಒರಗಿ ಕುಳಿತರು. ಕಣ್ಣ ಮುಂದೆ ಬಕಗಳು ಸಾಲುಗಟ್ಟಿದವು.

ಕಿನುಯೊ ನಗಲಿಲ್ಲ. ಭರಣಿಯೊಳಗೆ ಒಂದರ ಮೇಲೊಂದು ಹತ್ತಿ ಕುಳಿತ ಆರನ್ನೂ ಬಗ್ಗಿ ನೋಡಿದರು. "ಥೂ, ಪಾಪ," ಎಂದರು. ಬಳಿಕ ಹೊಲಿಗೆ ಪೆಟ್ಟಿಗೆಯಿಂದ ಟೇಪು ತಂದು ಮಲಗುವ ಕೋಣೆಯನ್ನು ಅಳೆದರು.

"ನಿಮ್ಮ ಹಾಸಿಗೆ ಎತ್ತಿದ್ರೆ ಧಾರಾಳವಾಗಿ ಹಿಡಿಸತ್ತೆ."

"ನಾನು?"

"ನಿಮಗೆ ಅಡುಗೆಮನೆ ಇದೆಯಲ್ಲ. ಏಸಿ ಇರೋದು ಈ ಕೋಣೆಲಿ ಮಾತ್ರ. ಇವಕ್ಕೆ ಸೆಕೆ ಆಗಿಬರಲ್ಲ ಅಂತ ನೀವೇ ಹೇಳಿದ್ದು."

ತಮ್ಮ ಮಂಡಿನೋವಿನ ನೆಪದಲ್ಲಿ ಎರಡು ಬೇಸಿಗೆ ಗಂಡನಿಗೆ ಮುಟ್ಟಗೊಡದಿದ್ದ ಏಸಿಯನ್ನು ಆಕೆ ತಾವೇ ಹಾಕಿ, ಉಣ್ಣೆಯ ಕಾಲುಚೀಲ ತೊಟ್ಟು, ತೊಟ್ಟಿಯ ಮುಂದೆ ಕುಳಿತರು. ನ್ಯೂಟ್‌ಗಳು ನಾಲ್ಕೂ ಕಾಲು ಚಾಚಿ, ಹೊಸ ನೆಲದ ಉದ್ದಕ್ಕೂ ನಡೆದುಹೋದವು. ದಿಂಬನ್ನು ಕಂಕುಳಲ್ಲಿ ಇರುಕಿಕೊಂಡ ಮೊರಿಹಿಸ, ಇನ್ನು ಯಾವ ಬಕಕ್ಕೂ ಹೆದರಬೇಕಿಲ್ಲವೆಂಬ ನೆಮ್ಮದಿಯಿಂದ, ಹೊಸ್ತಿಲಲ್ಲೇ ನಿಂತು ಕಣ್ಣೊರೆಸಿಕೊಂಡರು.

"ರೀ," ಎಂದರು ಕಿನುಯೊ, ತಿರುಗಿ ನೋಡದೆ. "ಬಾಗಿಲು ಎಳ್ಕೊಂಡು ಹೋಗಿ. ತಂಪೆಲ್ಲ ಆಚೆ ಹೋಗ್ತಿದೆ."