ಮಗಳ ಹೆಸರಿನಲ್ಲಿ ಕೊಟ್ಟ ಕಫ

ಸರಕಾರಕ್ಕೆ ನಮ್ಮಿಂದ ಕಂದಾಯ ಬೇಕು, ಓಟು ಬೇಕು, ರಸ್ತೆ ಅಗಲ ಮಾಡಲು ಹೊಲದ ಅಂಚು ಬೇಕು. ಇದೆಲ್ಲ ನನಗೆ ಅರ್ಥವಾಗುತ್ತದೆ. ನಮ್ಮ ಉಗುಳು ಯಾಕೆ ಬೇಕು ಎಂಬುದು ಮಾತ್ರ ಬಹಳ ದಿನ ಅರ್ಥವಾಗಲಿಲ್ಲ. ನಾನು ಮೂರನೆಯ ಕ್ಲಾಸು ದಾಟಿದವಳಲ್ಲ. ಒಂದು ಸಾಲನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿ ಬೂದಿಗೆ ಬಿದ್ದಿರುತ್ತದೆ. ಆದರೂ ಓದಿದವರ ಬುದ್ಧಿ ಎಷ್ಟು ಸಲ ಬದಲಾಗುತ್ತದೆ ಎಂಬುದನ್ನು ಬ್ಯಾಟರಾಯನಪುರದ ನಮ್ಮ ಮನೆ ಜಗಲಿಯ ಮೇಲೆ ಕುಳಿತೇ ನೋಡಿದ್ದೇನೆ.

ಕ್ಷಯ ಹುಡುಕಲು ಮೊದಲು ಬಂದವರು ಮುಂಗೈಗೆ ಸೂಜಿ ಚುಚ್ಚಿದರು. ಮೂರು ದಿನ ಬಿಟ್ಟು ಮತ್ತೆ ಜೀಪಿನಲ್ಲಿ ಬಂದು, ಚುಚ್ಚಿದ ಜಾಗ ಎಷ್ಟು ಊದಿದೆ ಎಂದು ಅಡಿಪಟ್ಟಿ ಇಟ್ಟು ಅಳೆದರು. ಊದಿದರೆ ರೋಗವೇ ಎಂದು ಕೇಳಿದೆ, ಹಾಗೇನಿಲ್ಲ ಎಂದರು. ಊದದಿದ್ದರೆ ರೋಗವಿಲ್ಲವೇ ಎಂದೆ. ಹಾಗೂ ಹೇಳಲಾಗದು ಎಂದರು. ಅಷ್ಟು ಹೇಳಲು ಎರಡು ಸಲ ಜೀಪು ಬಂದಿತ್ತು. ಆಮೇಲೆ ಒಂದು ದೊಡ್ಡ ವ್ಯಾನು ಬಂತು. ಅದರೊಳಗೆ ಎದೆಯ ಫೋಟೋ ಹಿಡಿಯುತ್ತಾರಂತೆ, ಮುಖ ಬೀಳುವುದೇ ಇಲ್ಲವಂತೆ. ಮುಖ ಬೀಳದ ಫೋಟೋವನ್ನು ಯಾವ ಗೋಡೆಗೆ ತೂಗುಹಾಕುವುದು? ಅದೂ ಹೋಗಲಿ, ಒಳಗೆ ಹೋಗುವ ಮುಂಚೆ ಹೆಂಗಸರು ಕೊರಳಲ್ಲಿರುವ ತಾಳಿ ತೆಗೆಯಬೇಕಂತೆ. ಗಂಡ ಗಟ್ಟಿಯಾಗಿರುವಾಗ ತಾಳಿ ಬಿಚ್ಚುವವಳು ನಮ್ಮೂರಲ್ಲಿ ಯಾರೂ ಹುಟ್ಟಿಲ್ಲ. ನನ್ನ ಗಂಡ ಆಗಲೇ ತೀರಿಹೋಗಿದ್ದ, ಬಿಚ್ಚಲು ನನ್ನ ಕೊರಳಲ್ಲಿ ಏನೂ ಇರಲಿಲ್ಲ. ಆದರೂ ವ್ಯಾನಿನ ಬಾಗಿಲಿಗೆ ಅಡ್ಡ ನಿಂತು ಎಲ್ಲ ಹೆಂಗಸರನ್ನೂ ವಾಪಸು ಕಳಿಸಿದವಳು ನಾನೇ. ಅವತ್ತು ಬಹಳ ದೊಡ್ಡ ಕೆಲಸ ಮಾಡಿದೆನೆಂದು ರಾತ್ರಿ ಒಂದು ಮುದ್ದೆ ಜಾಸ್ತಿ ಉಂಡೆ.

ಅದಾದ ಮೇಲೆ ಬಂದದ್ದು ಬಾಟಲಿ. ಬಾಟಲಿ ತಂದವನು ಹೆಲ್ತ್ ಇನ್ಸ್‌ಪೆಕ್ಟರ್ ನಂಜಪ್ಪ, ಸೈಕಲ್ಲಿನ ಮೇಲೆ ಬರುವ ಬಡಕಲು ಮನುಷ್ಯ. ಅವನ ಕೆಮ್ಮಿಗೇ ಯಾರಾದರೂ ಮದ್ದು ಕೊಡಬೇಕು ಎನ್ನುವ ಹಾಗಿದ್ದ. ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ದುರ್ಬೀನು ಬಂದಿದೆ, ಅದರಡಿ ಕಫ ಇಟ್ಟು ನೋಡಿದರೆ ಕ್ಷಯದ ಹುಳ ಕಾಣುತ್ತದೆ ಎಂದ.

"ಅಂಗಾದ್ರೆ ಆವತ್ತು ಫೋಟೋ ಇಡಿಯಕ್ಕೆ ಬಂದಿದ್ದು ಯಾಕಪ್ಪ?" ಎಂದೆ.

"ಅದು ಆಗಿನ ಪದ್ಧತಿ ಅಮ್ಮಾ. ವ್ಯಾನು ಎಲ್ಲಾ ಊರಿಗೂ ಬರಕ್ಕಾಗಲ್ಲ. ಫೋಟೋದಲ್ಲಿ ಕಲೆ ಕಂಡ್ರೂ ಹಳೇದೋ ಹೊಸದೋ ಗೊತ್ತಾಗಲ್ಲ. ಕಫದಲ್ಲಿ ಹುಳ ಕಂಡ್ರೆ ಮಾತೇ ಇಲ್ಲ."

"ನಾಳೆ ಇನ್ನೇನು ಕೇಳ್ತೀರೋ, ಈಗ್ಲೇ ಏಳ್ಬುಡು. ಒಟ್ಗೇ ಕೊಡ್ತೀವಿ."

ಅವನು ನಗಲಿಲ್ಲ. ಅವನು ಬಂದಿದ್ದು ನನ್ನ ಕೊನೆಯ ಮಗಳು ರತ್ನನಿಗಾಗಿ. ರಾಗಿ ಒಕ್ಕಣೆಯಾದಾಗಿನಿಂದ ಅವಳಿಗೆ ಕೆಮ್ಮು ಹಿಡಿದು ತಿಂಗಳಾಗಿತ್ತು, ಬೀದಿಯವರಲ್ಲಿ ಯಾರೋ ಅವನ ಕಿವಿಗೆ ಹಾಕಿದ್ದರು. ಅದೇ ತಿಂಗಳು ಅವಳಿಗೆ ತಣಿಸಂದ್ರದ ಹುಡುಗನನ್ನು ಗೊತ್ತುಮಾಡಿದ್ದೆವು. ಕ್ಷಯ ಎಂಬ ಮಾತು ಒಂದು ಮನೆಯ ಮೇಲೆ ಬಿದ್ದರೆ ಆ ಮನೆಯ ನಾಯಿಗೂ ಸಂಬಂಧ ಕೂಡಿಬರುವುದಿಲ್ಲ. ಎರಡು ಸಲ ಅವನನ್ನು ಬಾಗಿಲಿಂದಲೇ ಕಳಿಸಿದೆ. ಮೂರನೆಯ ಸಲವೂ ಸೈಕಲ್ಲು ನಮ್ಮ ಮನೆ ಮುಂದೆಯೇ ನಿಂತಿತು, ಎದುರು ಮನೆಯವಳು ಮೊರ ಹಿಡಿದುಕೊಂಡು ಆಚೆಗೇ ಬಂದು ಕುಳಿತಳು. ಇದು ತೊಲಗಲಿ ಎಂದು ಬಾಟಲಿ ಈಸಿಕೊಂಡೆ. ಬೆಳಿಗ್ಗೆ ಎದ್ದ ಕೂಡಲೆ ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದದ್ದೇ ಬೇಕು, ಬರೀ ಬಾಯಿನೀರು ಆಗದು ಎಂದು ಹೇಳಿ, ಬಾಟಲಿಗೆ ರತ್ನನ ಹೆಸರು ಬರೆದ ಚೀಟಿ ಅಂಟಿಸಿ ಹೋದ.

ನಾನು ಹೊರಗೆ ಅವನನ್ನು ಬೈಯುತ್ತಿದ್ದರೂ ಒಳಗೆ ಹೆದರಿದ್ದೆ. ಹದಿನೈದು ದಿನದಿಂದ ರತ್ನನ ತಟ್ಟೆ ಲೋಟ ಬೇರೆ ಮಾಡಿದ್ದೆ, ಅವಳ ಚಾಪೆಯನ್ನು ಕೊಟ್ಟಿಗೆಯ ಪಕ್ಕಕ್ಕೆ ಎಳೆದಿದ್ದೆ. ಒಲೆಯ ಹತ್ತಿರ ಸುಳಿಯಬೇಡವೆಂದು ಹೇಳಿ, ಮನೆಮಂದಿಗೆಲ್ಲ ನಾನೇ ಮುದ್ದೆ ತೊಳಸುತ್ತಿದ್ದೆ. ಅವಳ ಕಫ ಹೋಗಿ ಅದರಲ್ಲಿ ಏನಾದರೂ ಕಂಡರೆ? ಅದಕ್ಕೇ ಬೆಳಿಗ್ಗೆ ಅವಳು ಏಳುವ ಮುಂಚೆ ಆ ಬಾಟಲಿಗೆ ನಾನೇ ಕೆಮ್ಮಿ ಕೊಟ್ಟೆ. ನನಗೆ ಕಫಕ್ಕೇನು ಬರವಿರಲಿಲ್ಲ. ವರ್ಷಗಟ್ಟಲೆಯ ಕೆಮ್ಮು ನನ್ನದು. ಆದರೆ ಅದು ಒಲೆ ಊದಿದ ಕೆಮ್ಮು, ಹೊಗೆಸೊಪ್ಪಿನ ಕೆಮ್ಮು, ನಮ್ಮ ಮನೆಯ ಕಂಬದ ಹಾಗೆ ಮೊದಲಿಂದ ಇದ್ದದ್ದು. ಕಂಬಕ್ಕೆ ಯಾರಾದರೂ ರೋಗ ಅನ್ನುತ್ತಾರೆಯೇ? ಮುಚ್ಚಳ ಹಾಕಿ ತಿರುಗಿದರೆ ರತ್ನ ಬಾಗಿಲಲ್ಲಿ ನಿಂತಿದ್ದಳು. ಬಾಟಲಿ ನೋಡಿ, ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಎಂಟು ದಿನ ಕಳೆದ ಮೇಲೆ ಹುಡುಗನ ತಾಯಿ ಮುನಿಯಮ್ಮ ತಣಿಸಂದ್ರದಿಂದ ಮುಹೂರ್ತದ ಮಾತಿಗೆ ಬಂದಳು. ಮಜ್ಜಿಗೆ ಕೊಟ್ಟು ಕೂರಿಸಿದ್ದೆ. ಸರಿಯಾಗಿ ಆಗಲೇ ನಂಜಪ್ಪ ಒಂದು ಕಾರ್ಡು ಹಿಡಿದು ಬಂದ. ನೆಂಟರನ್ನು ನೋಡಿ, ಸ್ವಲ್ಪ ಆಚೆಗೆ ಬನ್ನಿ ಎಂದ. ಅಷ್ಟು ಮರ್ಯಾದೆ ಅವನಿಗಿತ್ತು. ನನಗಿರಲಿಲ್ಲ.

"ಏನಿದ್ರೂ ಇಲ್ಲೇ ಏಳು. ನಮ್ಮನೇಲಿ ಮುಚ್ಚುಮರೆ ಇಲ್ಲ. ಬೀಗರೂ ಕೇಳುಸ್ಕೊಳ್ಲಿ," ಎಂದೆ.

ಎರಡು ಸಲ ಬೇಡವೆಂದು ಹೇಳಿ ನೋಡಿದ. ಆಮೇಲೆ ಹೇಳಿದ, "ರತ್ನಮ್ಮನ ಕಫದಲ್ಲಿ ಹುಳ ಕಂಡೈತೆ. ಇವತ್ತಿಂದಲೇ ಮಾತ್ರೆ ಶುರು ಮಾಡ್ಬೇಕು."

ಮುನಿಯಮ್ಮ ಮಜ್ಜಿಗೆ ಲೋಟ ಕೆಳಗಿಟ್ಟಳು. ರತ್ನ ನನ್ನ ಮುಖ ನೋಡಿದಳು. ಹೆತ್ತ ತಾಯಿ ಆ ಕ್ಷಣವೇ ಎದೆ ಬಡಿದುಕೊಂಡು ನಿಜ ಹೇಳಿದಳು ಎಂದರೆ ಕೇಳಲು ಚೆನ್ನಾಗಿರುತ್ತದೆ, ನಾನು ಹೇಳಲಿಲ್ಲ. ದುರ್ಬೀನೇ ಕೆಟ್ಟಿದೆ ಎಂದು ಜಗಳ ತೆಗೆಯೋಣವೇ, ನಂಜಪ್ಪ ಬಾಟಲಿ ಅದಲುಬದಲು ಮಾಡಿದ ಎನ್ನೋಣವೇ ಎಂದು ಯೋಚಿಸುತ್ತ ಕುಳಿತಿದ್ದೆ. ಅಷ್ಟರಲ್ಲಿ ಮುನಿಯಮ್ಮ ತಾಂಬೂಲದ ತಟ್ಟೆಯನ್ನು ನನ್ನ ಕಡೆಗೆ ಸರಿಸಿ ಎದ್ದಳು. ಆಗ ಬಾಯಿಂದ ಬಂತು.

"ಕೂತ್ಕೊ ಅಕ್ಕಯ್ಯ. ಆ ಕಫ ನಂದು. ಉಡುಗೀದಲ್ಲ."

ನಂಜಪ್ಪ ಕಾರ್ಡು ನೋಡಿದ, ನನ್ನನ್ನು ನೋಡಿದ. ಮುನಿಯಮ್ಮ ಕೂರಲಿಲ್ಲ.

"ಒಲೆ ಮುಂದೆ ಕೂರೋರು ಯಾರು?" ಎಂದಳು.

"ನಾನೇ."

"ಈ ಮಜ್ಜಿಗೆ ಕಡ್ದೋರು?"

"ನಾನೇ."

ಲೋಟವನ್ನು ಕಾಲಿನಿಂದಲೇ ಇನ್ನೊಂದು ಮೊಳ ದೂರ ತಳ್ಳಿದಳು. "ಉಡುಗೀದೂ ನೋಡ್ಲಿ. ಏನೂ ಇಲ್ಲ ಅಂದ್ರೆ ಮದ್ವೆ. ಅಡಿಗೆ ಮಾತ್ರ ನಮ್ ಕಡೆಯೋರೇ ಮಾಡ್ತಾರೆ. ನೀನು ಸೌಟು ಮುಟ್ಟಂಗಿಲ್ಲ," ಎಂದು ಹೊರಟಳು.

ರತ್ನನ ಕಫವನ್ನು ಮೂರು ಸಲ ನೋಡಿದರು. ಏನೂ ಇರಲಿಲ್ಲ, ರಾಗಿ ಧೂಳಿನ ಕೆಮ್ಮು, ತಾನಾಗಿ ಹೋಯಿತು. ಮೂರನೆಯ ಸಲದ ಸುದ್ದಿ ಬಂದ ದಿನ ಅವಳು ತನ್ನ ತಟ್ಟೆ ಲೋಟ ಒಳಗೆ ಇಟ್ಟು, ನನ್ನವನ್ನು ಕೊಟ್ಟಿಗೆಯ ಪಕ್ಕಕ್ಕೆ ತಂದಿಟ್ಟಳು. ಬೇಡವೆನ್ನಲು ನನಗೆ ಮುಖ ಎಲ್ಲಿತ್ತು? ಮದುವೆ ನಡೆಯಿತು. ಧಾರೆಯ ಹೊತ್ತಿನಲ್ಲಿ ಬಾಯಿಗೆ ಸೆರಗು ಅದುಮಿಕೊಂಡು ಕುಳಿತಿದ್ದೆ. ಮಗಳು ಹೋಗುತ್ತಾಳೆಂದು ಅಳುತ್ತಿದ್ದಾಳೆ ಎಂದುಕೊಂಡವರು ಹಾಗೇ ಅಂದುಕೊಳ್ಳಲಿ.

ನಾನು ಒಂದೂವರೆ ವರ್ಷ ಮಾತ್ರೆ ನುಂಗಬೇಕಂತೆ, ಇನ್ನೂ ಅರ್ಧ ಉಳಿದಿದೆ. ದಿಲ್ಲಿಯಲ್ಲಿ ಕುಳಿತು ಪದ್ಧತಿ ಬದಲಿಸುವವರ ಮೇಲೆ ನನಗೆ ಈಗಲೂ ಗೌರವ ಹುಟ್ಟಿಲ್ಲ. ಇವತ್ತು ಕಫ ಎನ್ನುವವರು ನಾಳೆ ಉಗುರು ಎನ್ನಬಹುದು. ಮಧ್ಯೆ ಮಧ್ಯೆ ಹುಳ ಸತ್ತಿದೆಯೋ ಇಲ್ಲವೋ ನೋಡಲು ನಂಜಪ್ಪ ಬಾಟಲಿ ತರುತ್ತಾನೆ. ಊರಿನ ಮಿಕ್ಕವರಿಗೆಲ್ಲ ಬಾಟಲಿ ಕೊಟ್ಟು, ನಾಳೆ ಬರುತ್ತೇನೆಂದು ಹೋಗುತ್ತಾನೆ. ಹೆಂಡ ಕುಡಿಯುವವರ ಮನೆಯಲ್ಲೂ ಬಿಟ್ಟು ಹೋಗುತ್ತಾನೆ. ನನಗೆ ಮಾತ್ರ ಬೆಳಕು ಹರಿಯುವ ಮುಂಚೆ ಬಂದು, ಸೈಕಲ್ಲು ಗೋಡೆಗೆ ಒರಗಿಸಿ, "ಕೆಮ್ಮಮ್ಮಾ, ನಾನು ನಿಂತಿರ್ತೀನಿ," ಎಂದು ಕೈ ಕಟ್ಟಿಕೊಂಡು ಎದುರಿಗೇ ನಿಲ್ಲುತ್ತಾನೆ. ನಾನು ಕೆಮ್ಮುತ್ತೇನೆ.