ಎರಡು ಹೊತ್ತು ಊಟ, ಒಂದು ಕಂಬಳಿ

ಜುಬ್ಬಕ್ಕೆ ಎರಡು ಜೇಬು ಇಡಿಸಿದ್ದೇ ತಪ್ಪಾಯಿತು. ಉಪಮಂತ್ರಿ ಧೂಳಪ್ಪನವರು ಆ ಸೋಮವಾರ ವಿಧಾನಸಭೆಗೆ ಹೊರಡುವಾಗ ತಿಕೋಟಾದ ವೃದ್ಧಾಶ್ರಮದ ಪ್ರಶ್ನೆಗೆ ಉತ್ತರವನ್ನು ಎಡ ಜೇಬಿನಲ್ಲೂ ಬಬಲೇಶ್ವರದ ಬಾಂಬ್ ತನಿಖೆಯ ಪ್ರಶ್ನೆಗೆ ಉತ್ತರವನ್ನು ಬಲ ಜೇಬಿನಲ್ಲೂ ಇಟ್ಟುಕೊಂಡಿದ್ದರು. ದಾರಿಯಲ್ಲಿ ಎಲೆ ಅಡಿಕೆಯ ಚಂಚಿ ಹುಡುಕುತ್ತ ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ತುರುಕಿಕೊಂಡರು. ಆಮೇಲೆ ಯಾವುದು ಎಲ್ಲಿ ಹೋಯಿತೋ ಆ ಸಿದ್ಧೇಶ್ವರನೇ ಬಲ್ಲ.

ಸದನದಲ್ಲಿ ವಿರೋಧ ಪಕ್ಷದ ವಕೀಲರು ಎದ್ದು, "ಬಾಂಬ್ ಸಿಡಿಸಿದವರ ಮೇಲೆ ಸರ್ಕಾರ ಏನು ಕ್ರಮ ತೆಗೆದುಕೊಂಡಿದೆ?" ಎಂದು ಕೇಳಿದರು.

ಧೂಳಪ್ಪನವರು ಎದ್ದು ಗಂಟಲು ಸರಿಮಾಡಿಕೊಂಡು ಓದಿದರು. "ಅವರಿಗೆ ಎರಡು ಹೊತ್ತು ಬಿಸಿ ಊಟ, ತಲೆಗೊಂದು ಕಂಬಳಿ ಕೊಟ್ಟು ಸರ್ಕಾರ ಗೌರವದಿಂದ ನೋಡಿಕೊಳ್ಳುತ್ತಿದೆ."

ಸದನ ನಗಲಾರಂಭಿಸಿತು. ಸೊಗಸಾಗಿ ಓದಿದೆನೆಂದೇ ತಿಳಿದ ಧೂಳಪ್ಪನವರು ತಾವೂ ಒಂದಿಷ್ಟು ನಕ್ಕರು.

"ಹಾಗಾದರೆ ವೃದ್ಧಾಶ್ರಮದಲ್ಲಿರುವವರ ಗತಿ ಏನು?"

"ಅವರನ್ನೆಲ್ಲ ಬಂಧಿಸಿ ವಿಚಾರಣೆ ನಡೆಸಲಾಗುತ್ತಿದೆ. ಎಷ್ಟೇ ಪ್ರಭಾವಿಗಳಿರಲಿ, ಒಬ್ಬರನ್ನೂ ಬಿಡುವುದಿಲ್ಲ."

ಇವರನ್ನು ಆರಿಸಿ ಬೆಂಗಳೂರಿಗೆ ಕಳಿಸಿದವರು ನಾವೇ, ವಿಜಾಪುರ ಸೀಮೆಯ ಶಾಣ್ಯಾ ಮಂದಿ. ಆದ್ದರಿಂದ ಓದುಗರು ಇಲ್ಲಿಂದ ಮುಂದೆ ನಗುವಾಗ ನಮ್ಮನ್ನೂ ಸೇರಿಸಿಕೊಂಡೇ ನಗಬೇಕು.

ಸಂಜೆ ಮುಖ್ಯಮಂತ್ರಿಗಳು ಕರೆಸಿದರು. ಬೈಯಲಿಲ್ಲ, ಅದೇ ಭಯವಾದದ್ದು. "ಬರುವ ಸೋಮವಾರ ಎರಡಕ್ಕೂ ಸರಿಯಾದ ಉತ್ತರ ಕೊಡಿ. ಆಗದಿದ್ದರೆ ಆ ಕುರ್ಚಿ ಬೇರೆಯವರಿಗೆ ಬೇಕಾಗಿದೆ" ಎಂದರು.

ಹೀಗಾಗಿ ಭಾನುವಾರ ಬೆಳಿಗ್ಗೆ ಧೂಳಪ್ಪನವರ ಕಾರು ವಿಜಾಪುರದಿಂದ ಬಬಲೇಶ್ವರದ ದಾರಿ ಹಿಡಿಯಿತು. ಪಕ್ಕದಲ್ಲಿ ಅವರ ಪಿ.ಎ. ಬಾಬು ಕುಳಿತಿದ್ದ.

"ನೋಡಲೇ ಬಾಬು," ಎಂದರು ಧೂಳಪ್ಪನವರು. "ಸಣ್ಣಾಂವಿದ್ದಾಗ ದೊಡ್ಡ ಹಿಂಡು ಕುರಿ ಕಾದೀನಿ. ಒಂದು ಕುರಿ ಮಂದಿ ಹಿಂಡಿನ್ಯಾಗ ಹೋಗಿದ್ದಿಲ್ಲ. ಈಗ ಎರಡು ಕಾಗದಾ ಕಾಯಾಕ ಆಗಲಿಲ್ಲ ನನಗ. ಕುರಿಗಿಂತ ಕಡಿ ಆದೆ."

"ಹಂಗ್ಯಾಕ ಅಂತೀರಿ ಸಾಹೇಬ್ರ, ಕುರಿ ಅಷ್ಟ ಛಂದ ಓದೂದಿಲ್ರಿ" ಎಂದು ಬಾಬು ಸಮಾಧಾನ ಮಾಡಿದ.

ಬಬಲೇಶ್ವರದ ಪೊಲೀಸ್ ಠಾಣೆಯಲ್ಲಿ ಫೌಜದಾರ ಭಾಗಪ್ಪ ಸೆಲ್ಯೂಟ್ ಹೊಡೆದು, ಆರೋಪಿಯನ್ನು ತೋರಿಸಲು ಒಳಗೆ ಕರೆದೊಯ್ದ. ಕಂಬಿಗಳ ಹಿಂದೆ ಹೊಚ್ಚ ಹೊಸ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಅಮಸಿದ್ದ ಎಂಬುವನು ಬಿಸಿ ರೊಟ್ಟಿ, ಝುಣಕ ಹೊಡೆಯುತ್ತಿದ್ದ.

"ಬರ್ರಿ ಯಪ್ಪಾ, ಊಟಾ ಮಾಡೂಣು ಬರ್ರಿ" ಎಂದು ಬಾಯ್ತುಂಬ ಕರೆದ.

"ಏನ್ರೀ ಫೌಜದಾರ್, ಇದೇನ ಮಾವನ ಮನಿ ಏನು? ಆರೋಪಿಗೆ ಕಂಬಳಿ ಯಾಕ?"

"ತಾವಽ ಹೇಳೀರಲ್ರಿ ಸಾಹೇಬ್ರ! ರೇಡಿಯೋದಾಗ ಕೇಳೀನಿ. ಸದನದಾಗ ಸರ್ಕಾರ ಒಂದು ಮಾತು ಹೇಳಿತಂದ್ರ ಅದು ನಮಗ ಹುಕುಂ. ನನ್ನ ಹಿಂದಿನಾಂವ ಹುಕುಂ ಮೀರಿದ್ದಕ್ಕ ಬೀದರಕ್ಕ ವರ್ಗಾ ಆಗಿ ಹೋದ. ನನಗ ಬೀದರ ಬ್ಯಾಡ್ರಿ, ಮನಿಯಾಗ ಮಗಳ ಲಗ್ನ ಐತಿ."

ಧೂಳಪ್ಪನವರು ಹಣೆ ಒತ್ತಿಕೊಂಡರು. ಎಲ್ಲರನ್ನೂ ಹೊರಗೆ ಕಳಿಸಿ, ಕಂಬಿಯ ಹತ್ತಿರ ಬಾಗಿ ದನಿ ತಗ್ಗಿಸಿದರು. "ಖರೇ ಹೇಳೋ ತಮ್ಮಾ. ಬಾಂಬ್ ಯಾರ ಕೊಟ್ರು?"

ಅಮಸಿದ್ದ ತುತ್ತು ಕೈಯಲ್ಲೇ ಹಿಡಿದು ಅವರನ್ನು ದಿಟ್ಟಿಸಿದ. "ಬಾಂಬ್ ಎಲ್ಲೀದ್ರಿ ಯಪ್ಪಾ? ಅದು ಗರ್ನಾಲ!"

ಕಬ್ಬಿಣದ ಕೊಳವೆಯಲ್ಲಿ ಮದ್ದು ಬಡಿದು, ಮದುವೆಗೂ ದೊಡ್ಡವರ ಸ್ವಾಗತಕ್ಕೂ ಸಿಡಿಸುವ ಗರ್ನಾಲು. ಅಮಸಿದ್ದನ ಅಪ್ಪ, ಅಜ್ಜ ಎಲ್ಲ ಅದನ್ನೇ ಮಾಡಿದವರು.

"ನೀವಽ ಹೇಳಿ ಕಳಿಸಿದ್ರಿ. ‘ಆ ವಕೀಲಗ ಗರ್ನಾಲ ಹಾರಸ್ತೀರಿ, ನಾ ಮಂತ್ರಿ ಆಗೇನಿ, ನನಗ ಹಾರಸೂದಿಲ್ಲೇನು? ನಂದು ಗೋಳಗುಮ್ಮಟದ ತನಕಾ ಕೇಳಬೇಕು’ ಅಂತ. ಅಷ್ಟು ದೂರ ಕೇಳಬೇಕಂದ್ರ ಏನ ಮಾಡ್ಲಿ? ಬಾವಿ ಒಡ್ಯಾಕ ಇಟ್ಟ ಮದ್ದೂ ಬಡದೆ."

ಧೂಳಪ್ಪನವರಿಗೆ ಎಲ್ಲ ನೆನಪಾಯಿತು. ಆ ಸ್ವಾಗತದ ದಿನ ಢಂ ಎಂದ ಹೊಡೆತಕ್ಕೆ ಪೆಂಡಾಲು ಹಾರಿ ಜೋಳದ ಹೊಲಕ್ಕೆ ಬಿದ್ದಿತ್ತು. ಎಲ್ಲರಿಗಿಂತ ಮೊದಲು ಮೇಜಿನ ಕೆಳಗೆ ಹೊಕ್ಕು, "ಬಾಂಬ್! ನನ್ನ ಕೊಲ್ಲಾಕ ಬಂದಾರ!" ಎಂದು ಚೀರಿದವರು ಸ್ವತಃ ತಾವೇ. ಮರುದಿನ ಪೇಪರಿನಲ್ಲಿ ಬಂದದ್ದು ಆ ಚೀರಾಟವೇ. ಮಂತ್ರಿಗೆ ಸ್ವಾಗತ ಕೋರಲು ಮಂತ್ರಿಯೇ ಹೇಳಿ ಸಿಡಿಸಿದ್ದು ಎಂದು ತಿಳಿದರೆ ಕುರ್ಚಿಯಷ್ಟೇ ಹೋಗುವುದಿಲ್ಲ, ಊರಲ್ಲಿ ತಲೆಯೆತ್ತಿ ತಿರುಗುವುದೂ ಹೋಗುತ್ತದೆ.

"ಈ ಮಾತು ನಿನ್ನ ಹೊಟ್ಟ್ಯಾಗ ಇರ್ಲಿ" ಎಂದರು.

"ಹೊಟ್ಟ್ಯಾಗ ಜಾಗಾ ಇಲ್ರಿ ಈಗ" ಎಂದು ಅಮಸಿದ್ದ ತೇಗಿದ. ನಗಲೋ ಅಳಲೋ ತಿಳಿಯದೆ ಧೂಳಪ್ಪನವರು ಕಾರು ಹತ್ತಿದರು.

ಬಾಂಬಿನದು "ತನಿಖೆ ಮುಂದುವರಿದಿದೆ" ಎಂದು ತೇಲಿಸಿಬಿಡುವುದು, ಮುದುಕರದನ್ನಾದರೂ ಕಣ್ಣಾರೆ ಕಂಡು ನೆಟ್ಟಗೆ ಹೇಳುವುದು ಎಂದು ನಿಶ್ಚಯಿಸಿ ತಿಕೋಟಾಕ್ಕೆ ನಡೆದರು. ಫೌಜದಾರನ ಜೀಪು ಹಿಂದೆಯೇ ಬಂತು. ಅದೇಕೆ ಬಂತೆಂಬುದು ಆಶ್ರಮದ ಬಾಗಿಲಲ್ಲಿ ಗೊತ್ತಾಯಿತು. ಅಲ್ಲಿ ಇಬ್ಬರು ಪೊಲೀಸರು ಕಾವಲು ನಿಂತಿದ್ದರು.

"ಸದನದಾಗ ಹೇಳಿದ ಹಂಗಽ ಎಲ್ಲಾರನ್ನೂ ಬಂಧಿಸೀನ್ರಿ. ಒಬ್ಬರನ್ನೂ ಬಿಟ್ಟಿಲ್ಲ" ಎಂದ ಭಾಗಪ್ಪ, ಪದಕ ಕೊಡಬಹುದೆಂಬ ಆಸೆಯಲ್ಲಿ ಎದೆ ಉಬ್ಬಿಸಿ.

"ಅಯ್ಯೋ ಪುಣ್ಯಾತ್ಮಾ! ಹಲ್ಲಿಲ್ಲದ ಮುದುಕರನ್ನ?"

ಒಳಗೆ ಹಜಾರದಲ್ಲಿ ಮುದುಕ ಮುದುಕಿಯರು ಸಾಲಾಗಿ ಕುಳಿತಿದ್ದರು. ನಡುವೆ ದೊಡ್ಡ ಪಾತ್ರೆಯಿಂದ ಹೊಗೆಯಾಡುವ ನುಚ್ಚು, ಸಾರು ಬಡಿಸುತ್ತಿದ್ದರು. ಧೂಳಪ್ಪನವರು ಕೈಮುಗಿದು, "ತಪ್ಪಾತ್ರವ್ವಾ, ತಪ್ಪಾತು. ನಿಮ್ಮನ್ನೆಲ್ಲಾ ಈಗಿಂದೀಗ ಬಿಡುಗಡಿ ಮಾಡೇನಿ" ಎಂದು ಘೋಷಿಸಿದರು. ಚಪ್ಪಾಳೆ ಬೀಳಲಿಲ್ಲ. ಪೊಲೀಸರು ಮಾತ್ರ ಸೆಲ್ಯೂಟ್ ಹೊಡೆದು, ಪಾತ್ರೆಯ ಎರಡು ಕಿವಿ ಹಿಡಿದು ಜೀಪಿನ ಕಡೆ ಹೊತ್ತೊಯ್ದರು.

"ಅದನ್ನ ಎಲ್ಲಿಗೆ ಒಯ್ತೀರಿ?"

"ಆರೋಪಿಗಳ ಊಟಾರಿ ಅದು. ಬಿಡುಗಡಿ ಆದವರಿಗೆ ಕೊಡಾಕ ಬರೂದಿಲ್ಲ" ಎಂದ ಭಾಗಪ್ಪ.

ಖಾಲಿ ತಾಟು ಹಿಡಿದ ಸಾವಂತ್ರವ್ವ ಎಂಬ ಮುದುಕಿ ಗೋಡೆ ಹಿಡಿದು ಎದ್ದು ನಿಂತಳು. "ಏನೋ ಯಪ್ಪಾ, ನಿನ್ನ ಕೈ ಮುರೀಲಿ! ಯಾರ ಕೇಳಿದ್ರು ನಿನಗ ಬಿಡುಗಡಿ? ನೀ ಹಿಡಿಸಿದಾಗಿಂದ ಹೊತ್ತಿಗೆ ಸರಿಯಾಗಿ ಬಿಸಿ ಕೂಳು ಕಂಡೇವಿ. ದಿನಾ ಮುಂಜಾನೆ ಈ ಫೌಜದಾರ ಬಂದು, ‘ಆಯಿ, ನಿದ್ದಿ ಹತ್ತಿತ್ತೇನು, ಮೊಣಕಾಲು ಹೆಂಗದಾವು’ ಅಂತ ಕೇಳಿ ಬರಕೋತಾನ. ನನ್ನ ಹೊಟ್ಟ್ಯಾಗ ಹುಟ್ಟಿದವರೂ ಹಿಂಗ ಕೇಳಲಿಲ್ಲೋ!"

"ವಿಚಾರಣಿ ಅಂದಮ್ಯಾಲೆ ಏನರೆ ಕೇಳಬೇಕಲ್ರಿ" ಎಂದು ಭಾಗಪ್ಪ ನಾಚಿಕೊಂಡ.

"ಅಲ್ಲಬೇ ಆಯಿ, ಸರ್ಕಾರದ್ದು ಊಟ ಮೊದಲಽ ಐತೆಲ್ಲಾ?" ಎಂದರು ಧೂಳಪ್ಪನವರು.

"ಐತಿ. ಅದರ ಕಾಗದ ಬೆಂಗಳೂರಾಗ ನಿನ್ನ ಮೇಜಿನ ಮ್ಯಾಲೈತಂತ. ನೀ ಸಹಿ ಹಾಕಿಲ್ಲಂತ. ದೀಪಾವಳಿಯಿಂದ ನಾವು ಗಂಜಿ ನೀರು ಕುಡಿದು ಬದಕೇವಿ."

ಧೂಳಪ್ಪನವರ ಮುಖ ಕಪ್ಪಿಟ್ಟಿತು. ಆ ಮೇಜಿನ ಮೇಲಿನ ಕಾಗದಗಳ ರಾಶಿಗೆ ಒರಗಿ ತಾವು ಮಧ್ಯಾಹ್ನ ಎಷ್ಟು ಸುಖವಾಗಿ ನಿದ್ದೆ ಮಾಡುತ್ತಿದ್ದೆವೆಂಬುದು ನೆನಪಾಗಿ, ನಿಂತಲ್ಲೇ ನೆಲ ಬಾಯ್ಬಿಟ್ಟರೆ ಸಾಕೆನಿಸಿತು.

ಅಷ್ಟರಲ್ಲಿ ಹೊರಗೆ ಇನ್ನೊಂದು ಕಾರು ನಿಂತಿತು. ಇಳಿದವರು ಅದೇ ವಕೀಲರು. ಜೊತೆಗೆ ಸೊಲ್ಲಾಪುರದ ಇಬ್ಬರು ಪೇಪರಿನವರು.

"ನಮಸ್ಕಾರ್ರಿ ಮಂತ್ರಿಗಳಽ! ನಾಳೆ ನೀವು ಏನ ಓದ್ತೀರೋ, ಇವತ್ತಽ ನೋಡಿ ಹೋಗೂಣು ಅಂತ ಬಂದೇವಿ" ಎಂದು ನಕ್ಕು, ವಕೀಲರು ಸಾವಂತ್ರವ್ವನ ಕಡೆ ತಿರುಗಿದರು. "ಆಯಿ, ನಿಮ್ಮನ್ನ ಯಾಕ ಬಂಧಿಸ್ಯಾರ? ನೀವೇನು ಗುನ್ಹೆ ಮಾಡೀರಿ?"

ಸಾವಂತ್ರವ್ವ ಜೀಪಿನಲ್ಲಿದ್ದ ಪಾತ್ರೆಯನ್ನೊಮ್ಮೆ ನೋಡಿದಳು. ಆಮೇಲೆ ಸೆರಗು ಬಿಗಿದು, "ಬಾಂಬ್ ನಾನಽ ಹಾಕೀನ್ರಿ" ಎಂದಳು.

"ನೀವಽ?" ಎಂದರು ವಕೀಲರು.

"ನಾನೂ ಕೂಡೇನ್ರಿ" ಎಂದ ಮೂಲೆಯ ಮುದುಕ. "ಬತ್ತಿ ಹಚ್ಚಿದಾಂವ ನಾನು" ಎಂದ, ಕಣ್ಣು ಕಾಣದ ಇನ್ನೊಬ್ಬ. ಕ್ಷಣದಲ್ಲಿ ಇಡೀ ಹಜಾರ ತಪ್ಪೊಪ್ಪಿಕೊಂಡಿತು.

"ಈ ಮಂತ್ರಿ ನಮ್ಮನ್ನ ಬಿಡುಗಡಿ ಮಾಡಿದ್ರ ಇನ್ನೊಂದು ಹಾಕ್ತೀವಿ, ಬರಕೋರಿ!" ಎಂದಳು ಸಾವಂತ್ರವ್ವ.

ಪೇಪರಿನವರು ಬರೆದುಕೊಳ್ಳತೊಡಗಿದರು. ವಕೀಲರು ಧೂಳಪ್ಪನವರತ್ತ ತಿರುಗಿ, "ಉತ್ತರ ಹೇಳ್ರಿ ಮಂತ್ರಿಗಳಽ" ಎಂದರು.

ಧೂಳಪ್ಪನವರ ಕೈ ರೂಢಿಯಂತೆ ಜೇಬಿಗೆ ಹೋಯಿತು. ಸುಮ್ಮನಿದ್ದರೆ ಕುರ್ಚಿ ಉಳಿದೀತು, ಆದರೆ ಈ ಮುದುಕರು ನಾಳೆ ಪೇಪರಿನಲ್ಲಿ ಬಾಂಬಿನವರಾಗುತ್ತಾರೆ. ಸಾವಂತ್ರವ್ವ ಇನ್ನೂ ಖಾಲಿ ತಾಟು ಹಿಡಿದೇ ನಿಂತಿದ್ದಳು. ಧೂಳಪ್ಪನವರಿಗೆ ತಮ್ಮ ಮೇಲೇ ಹೇಸಿಗೆ ಬಂದು, ಜೇಬಿನಿಂದ ಬರಿಗೈ ಹೊರಗೆ ತೆಗೆದರು.

"ಸುಳ್ಳ ಹೇಳಾಕತ್ತಾಳ ಆಯಿ. ಅದು ಬಾಂಬ್ ಅಲ್ಲಽ ಅಲ್ಲ, ಗರ್ನಾಲ. ನನ್ನ ಸ್ವಾಗತಕ್ಕ ಹಾರಸ್ರಿ ಅಂತ ನಾನಽ ಹೇಳಿ ಕಳಿಸಿದ್ದೆ. ಬಾಂಬ್ ಅಂತ ಚೀರಿದಾಂವನೂ ನಾನಽ. ಎಲ್ಲಾ ನನ್ನ ಮಂಗ್ಯಾತನ."

ಹುಟ್ಟಿದಾಗಿನಿಂದ ಸರ್ಕಾರಿ ಪ್ರಶ್ನೆಯೊಂದಕ್ಕೆ ಅವರು ಕೊಟ್ಟ ಮೊದಲ ಸರಿಯಾದ ಉತ್ತರ ಅದು. ಹೇಳಿ ಎದೆ ಹಗುರಾಗಿ ಉಸಿರು ಬಿಡುವಷ್ಟರಲ್ಲಿ ಭಾಗಪ್ಪ ಮುಂದೆ ಬಂದು ಸೆಲ್ಯೂಟ್ ಹೊಡೆದ. ಅವನ ಕಣ್ಣಲ್ಲಿ ನೀರಿತ್ತು.

"ಸಾಹೇಬ್ರ, ಎಷ್ಟಽ ಪ್ರಭಾವಿಗಳಿರ್ಲಿ, ಒಬ್ಬರನ್ನೂ ಬಿಡೂದಿಲ್ಲಂತ ಸದನದಾಗ ಹೇಳೀರಿ. ನನಗ ಬೀದರ ಬ್ಯಾಡ್ರಿ" ಎಂದವನೇ ಅವರ ರಟ್ಟೆ ಹಿಡಿದ.

ಹೋದ ದಾರಿಯಲ್ಲೇ ಪಾತ್ರೆ ಜೀಪಿನಿಂದ ಇಳಿದು ಬಂತು. ಆರೋಪಿ ಆಶ್ರಮದಲ್ಲಿರುವಾಗ ಅದು ಬೇರೆಲ್ಲಿಗೆ ಹೋಗಬೇಕು? ಒಬ್ಬ ಪೊಲೀಸ ಹೊಸ ಕಂಬಳಿಯೊಂದನ್ನು ಕೊಡವಿ ಧೂಳಪ್ಪನವರ ಹೆಗಲಿಗೆ ಹೊದಿಸಿದ. ಒಬ್ಬರ ಪಾಲಿನ ನುಚ್ಚನ್ನೇ ಮುದುಕರೆಲ್ಲ ಹಂಚಿಕೊಳ್ಳಬಹುದೇ ಎಂದು ಭಾಗಪ್ಪ ಕಾಯ್ದೆ ಯೋಚಿಸುತ್ತ ನಿಂತಿದ್ದಾಗ ಅವರೆಲ್ಲ ಆಗಲೇ ಬಡಿಸಿಕೊಂಡಿದ್ದರು.

ಸಾವಂತ್ರವ್ವ ತನ್ನ ಚಾಪೆಯ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟಳು.

"ಬಾ ಯಪ್ಪಾ, ಇಲ್ಲೆ ಕೂಡು, ಉಣ್ಣು. ಹೆದರಬ್ಯಾಡ, ಹೊತ್ತಿಗೆ ಸರಿಯಾಗಿ ಬರತೈತಿ" ಎಂದಳು. "ಬರೇ ಒಂದು ನೆನಪಿಡು. ಯಾರರೆ ಬಿಡುಗಡಿ ಮಾಡತೀನಿ ಅಂದ್ರ ಒಪ್ಪಬ್ಯಾಡ."