ಹುರಿಹಿಟ್ಟಿನ ಆರೋಪಿ

ಗೊತ್ತಿಲ್ಲದ ವಿಷಯದಲ್ಲಿ ಯಾರು ಬೇಕಾದರೂ ಮೋಸ ಹೋಗಬಹುದು. ತಾನೇ ಪಾಠ ಮಾಡುವ ವಿಷಯದಲ್ಲಿ ಮೋಸ ಹೋಗುವುದಕ್ಕೆ ಒಂದಿಷ್ಟು ಯೋಗ್ಯತೆ ಬೇಕು. ಆ ಯೋಗ್ಯತೆ ನನ್ನಲ್ಲಿ ತುಂಬಿ ತುಳುಕುತ್ತಿದೆ ಎಂದು ಗೊತ್ತಾದದ್ದು ಈ ಸಲ ನಮ್ಮ ಮನೆಯಲ್ಲಿ ಕೊಬ್ಬರಿ ಸುಲಿಸಿದ ದಿನ. ನಾನು ತಿಪಟೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಫೋನಿನಲ್ಲಿ ಮೋಸ ಮಾಡುವವರ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಕೊಡುವ ಕೆಲಸ ಯಾರಿಗೆ ಎಂದು ತೀರ್ಮಾನವಾದ ದಿನ ನಾನು ಮೀಟಿಂಗಿಗೆ ತಡವಾಗಿ ಹೋಗಿದ್ದೆ. ಹೋಗುವಷ್ಟರಲ್ಲಿ ನನ್ನ ಹೆಸರು ಬರೆದಾಗಿತ್ತು. ಅಂದಿನಿಂದ ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ನಾನು ಬಿಸಿಲಲ್ಲಿ ನಿಂತು, ಗುರುತಿಲ್ಲದವರು ಫೋನ್ ಮಾಡಿದರೆ ಗಾಬರಿಯಾಗಬೇಡಿ, ಏನನ್ನೂ ಒಪ್ಪಿಕೊಳ್ಳಬೇಡಿ, ಫೋನ್ ಇಟ್ಟುಬಿಡಿ ಎಂದು ಭಾಷಣ ಮಾಡುತ್ತಿದ್ದೆ. ಮಕ್ಕಳು ಆಕಳಿಸುತ್ತಿದ್ದವು.

ಊರಿಗೆ ಉಪದೇಶ ಮಾಡುವ ನನ್ನ ಮನೆಯಲ್ಲೇ ದೊಡ್ಡ ಸಮಸ್ಯೆಯಾಗಿದ್ದವಳು ನಮ್ಮವ್ವ. ಎಪ್ಪತ್ತಾರು ದಾಟಿದ ಅವಳ ಹತ್ತಿರ ಗುಂಡಿಯೊತ್ತುವ ಒಂದು ಸಣ್ಣ ಫೋನಿತ್ತು. ಅದು ಬಡಿದುಕೊಂಡರೆ ಸಾಕು, ಬಾಗಿಲಿಗೆ ನೆಂಟರು ಬಂದರು ಎನ್ನುವಷ್ಟು ಸಂಭ್ರಮ. ಯಾರೇ ಆಗಲಿ, ಮೊದಲು ಯಾವೂರು, ಆಮೇಲೆ ಉಂಡ್ಯಾ, ಅದಾದ ಮೇಲೆ ಮಿಕ್ಕ ವಿಚಾರ. ಸಾಲ ಬೇಕಾ ಎಂದು ಕೇಳಲು ಫೋನ್ ಮಾಡಿದ್ದ ಹುಡುಗಿಯೊಬ್ಬಳ ಗಂಟಲು ಕಟ್ಟಿದೆ ಎಂದು ತಿಳಿದು ಮೆಣಸಿನ ಕಷಾಯ ಹೇಳಿಕೊಟ್ಟಳು. ಆ ಹುಡುಗಿ ವಾರ ಬಿಟ್ಟು, ಗಂಟಲು ವಾಸಿಯಾಯಿತು ಎಂದು ಹೇಳುವುದಕ್ಕೇ ಇನ್ನೊಮ್ಮೆ ಫೋನ್ ಮಾಡಿತು. ನಿಮಗೆ ಕಾರು ಬಹುಮಾನ ಬಂದಿದೆ ಎಂದವನನ್ನು, ಅದರಲ್ಲಿ ಎಷ್ಟು ಚೀಲ ಕಾಯಿ ಹಿಡಿಯುತ್ತದೆ ಎಂದು ಕೇಳಿ ಕೇಳಿ ಸುಸ್ತು ಮಾಡಿದಳು. ಕಾರ್ಡಿನ ನಂಬರ್ ಹೇಳಿ ಎಂದವನನ್ನು ಕನ್ನಡಕ ತರುತ್ತೇನೆ ಇರು ಎಂದು ಕೂರಿಸಿ, ದಾರಿಯಲ್ಲಿ ಕರು ಬಿಚ್ಚಿಕೊಂಡದ್ದು ಕಂಡು ಅದರ ಹಿಂದೆ ಕೆರೆಯವರೆಗೆ ಹೋಗಿ ಬಂದಳು. ಪಾಪ, ಹುಡುಗ ಕಾದೂ ಕಾದೂ ಇಟ್ಟುಬಿಟ್ಟ ಎಂದು ರಾತ್ರಿಯೆಲ್ಲ ಪೇಚಾಡಿದಳು.

ಹಾಗೆ ನೋಡಿದರೆ ಅವಳಿಂದ ಯಾವ ಕಳ್ಳನೂ ಒಂದು ಅಂಕಿಯನ್ನು ಹೊರಡಿಸಿರಲಿಲ್ಲ. ಅದಕ್ಕೆ ಕಾರಣ ನಮ್ಮ ಸೀಮೆಯ ಪದ್ಧತಿ. ಇಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತೇವೆ. ಅಟ್ಟದ ಮೇಲೆ ಎಷ್ಟು ಕಾಯಿ ಇದೆ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಯಾರೂ ಹೇಳುವುದಿಲ್ಲ. ದೃಷ್ಟಿಯಾಗುತ್ತದೆ. "ಏನೋ ಒಂದಷ್ಟವೆ" ಎನ್ನುವುದೇ ಉತ್ತರ. ಬ್ಯಾಂಕಿನವನೆಂದು ಹೇಳಿಕೊಂಡು ಖಾತೆಯಲ್ಲಿ ಎಷ್ಟಿದೆ ಎಂದು ಕೇಳಿದವರಿಗೂ ಅವ್ವ ಹೇಳುತ್ತಿದ್ದದ್ದು ಅದನ್ನೇ.

ಆದರೆ ಒಂದು ದಿನ ಆಗಬಾರದ್ದು ಆಯಿತು. ಯಾವುದೋ ಕಾರ್ಡ್ ಕೊಡುತ್ತೇವೆ, ಮನೆಗೆ ಯಾವಾಗ ಬರಲಿ ಎಂದವನಿಗೆ ಅವ್ವ, ನಾಡಿದ್ದು ಎಲ್ಲರೂ ಶೆಟ್ಟಿಕೆರೆಗೆ ಮದುವೆಗೆ ಹೋಗುತ್ತೇವೆ, ಮನೆಯಲ್ಲಿ ಯಾರೂ ಇರುವುದಿಲ್ಲ, ಬೀಗದಕೈ ಪಕ್ಕದ ಮನೆಯಲ್ಲಿರುತ್ತದೆ, ಇಸಕೊಂಡು ಒಳಗಿಟ್ಟು ಹೋಗಪ್ಪ ಎಂದು ಸವಿಸ್ತಾರವಾಗಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ನನ್ನೊಳಗಿನ ಸೋಮವಾರದ ಭಾಷಣಕಾರ ಎದ್ದುನಿಂತ. ಫೋನ್ ಕಿತ್ತುಕೊಂಡು, ಆಫ್ ಮಾಡಿ, ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವ್ವ ಜಗಳ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಏನೂ ಅನ್ನಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು, ಅಷ್ಟೇ. ಹತ್ತು ದಿನ ಹೀಗೇ ನಡೆಯಿತು. ಕೊಟ್ಟುಬಿಡೋಣ ಎನ್ನಿಸುತ್ತಿತ್ತು, ಆದರೆ ಮೇಷ್ಟ್ರು ಕಿತ್ತುಕೊಂಡದ್ದನ್ನು ವಾಪಸ್ ಕೊಡುವ ಅಭ್ಯಾಸ ನಮ್ಮ ವೃತ್ತಿಯಲ್ಲಿಲ್ಲ.

ಅಷ್ಟರಲ್ಲಿ ಕೊಬ್ಬರಿ ಸುಲಿಸುವ ದಿನ ಬಂತು. ಸುಲಿಯುವವರ ಗುಂಪು ಸಿಗುವುದೆಂದರೆ ಮದುವೆಗೆ ಛತ್ರ ಸಿಕ್ಕಿದ ಹಾಗೆ. ಆ ದಿನ ತಪ್ಪಿದರೆ ಇನ್ನೊಂದು ತಿಂಗಳು ಕಾಯಬೇಕು. ಮೇಸ್ತ್ರಿ ರಂಗಪ್ಪ ಎಂಟು ಜನರನ್ನು ಕರೆದುಕೊಂಡು ಭಾನುವಾರ ಬೆಳಗ್ಗೆಯೇ ಬಂದು ಅಂಗಳದಲ್ಲಿ ಸಿಪ್ಪೆ ಸುಲಿಯುವ ಗೂಟ ನೆಟ್ಟ. ನನ್ನ ಹೆಂಡತಿ ಸರೋಜ ದೊಡ್ಡ ಪಾತ್ರೆಯಲ್ಲಿ ಕಾಳಿನ ಸಾರಿಗೆ ಇಟ್ಟಳು. ನಮ್ಮ ಮನೆಯಲ್ಲಿ ಒಂದು ಶಾಸ್ತ್ರವಿದೆ. ಅಟ್ಟದ ಮೊದಲ ಕಾಯಿಯನ್ನು ಮನೆಯ ಗಂಡಸೇ ಇಳಿಸಿ ಹಿರಿಯರ ಕೈಗೆ ಕೊಡಬೇಕು. ಅವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಅಂದದ್ದನ್ನು ಕೇಳಿ, ಹೂಂ ಎಂದ ಮೇಲೆಯೇ ಮಿಕ್ಕವರು ಕೈ ಹಾಕುವುದು. ನಾನು ಕಾಫಿ ಕುಡಿದು, ಲುಂಗಿ ಎತ್ತಿ ಕಟ್ಟಿ ಏಣಿಯ ಕಡೆ ಹೊರಟಿದ್ದೆ. ಫೋನ್ ಬಂತು.

ಆ ಕಡೆಯ ದನಿ ಬಲು ಗಂಭೀರವಾಗಿತ್ತು. ದೂರದ ದೊಡ್ಡ ಊರಿನ ಪೊಲೀಸ್, ಅರ್ಧ ಕನ್ನಡ ಅರ್ಧ ಹಿಂದಿ. ನಿಮ್ಮ ಹೆಸರಿನ ಒಂದು ಪಾರ್ಸಲ್ ಹಿಡಿದಿದ್ದೇವೆ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಹೆಗಲನ್ನು ಮುಟ್ಟುವುದೇನು, ಬಿಚ್ಚಿಯೇ ತೋರಿಸಿದೆ. "ಪುಣೆಗೆ ಕಳಿಸಿದ್ದಾ?" ಎಂದು ಕೇಳಿದೆ. ಪುಣೆಯಲ್ಲಿರುವ ನನ್ನಕ್ಕನಿಗೆ ಹದಿನೈದು ದಿನದ ಹಿಂದೆ ಒಂದು ಡಬ್ಬ ಕಳಿಸಿದ್ದು ನಿಜ. ಅವನು ತಕ್ಷಣ ಹೌದು, ಪುಣೆಯದೇ ಎಂದ. ಅದರಲ್ಲಿ ನಿಷೇಧಿತ ವಸ್ತು ಸಿಕ್ಕಿದೆ ಎಂದ. ನಾನು, "ಪುಡಿಯಾ?" ಎಂದೆ. ಹೌದು, ಪುಡಿಯೇ ಎಂದ. ಡಬ್ಬದಲ್ಲಿ ನಾಲ್ಕು ಉಂಡೆ ಕೊಬ್ಬರಿಯ ಜೊತೆಗೆ ಅವ್ವ ರಾಗಿ ಅರಳು ಬೀಸಿ ಮಾಡಿದ ಹುರಿಹಿಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಇಟ್ಟಿದ್ದಳು. ಬಿಳಿಚಿದ ಬೂದಿ ಬಣ್ಣದ ನುಣ್ಣನೆ ಪುಡಿ. ಗೊತ್ತಿಲ್ಲದವರು ನೋಡಿದರೆ ಏನಂದುಕೊಂಡಾರು ಎಂದು ಯೋಚಿಸಿ, ಏಣಿಯನ್ನು ಬಿಟ್ಟು ಮನೆಯೊಳಕ್ಕೆ ಸರಿದೆ.

ಆಮೇಲೆ ಅವನು ಕೇಳಿದ ಪ್ರಶ್ನೆಯೇ ನನ್ನನ್ನು ಕೆಡವಿದ್ದು. ಆ ಪುಡಿಯನ್ನು ಕಟ್ಟಿದವರು ಯಾರು, ಅವರನ್ನು ಈಗಲೇ ಎತ್ತಿಕೊಂಡು ಬರಬೇಕು ಎಂದ. ಅಂಗಳದಲ್ಲಿ ಮಣೆಯ ಮೇಲೆ ಕೂತು, ಮೊದಲ ಕಾಯಿಗೆ ಕಾಯುತ್ತಿದ್ದ ಅವ್ವ ಕಿಟಕಿಯಿಂದ ಕಾಣುತ್ತಿದ್ದಳು. ಮಂಡಿ ನೋವೆಂದು ಕಾಲು ನೀಡಿಕೊಂಡಿದ್ದಳು. ಹತ್ತು ದಿನದಿಂದ ಮುಖ ಕೊಟ್ಟು ಮಾತಾಡಿರದ ಅವಳನ್ನು ಜೀಪು ಹತ್ತಿಸುವುದು ನನ್ನ ಕಣ್ಣಿಗೆ ಕಟ್ಟಿತು. "ನಾನೇ ಸಾರ್, ನಾನೇ ಕಟ್ಟಿದ್ದು" ಎಂದೆ. ಹಾಗಾದರೆ ನೀವೀಗ ಬಂಧನದಲ್ಲಿದ್ದೀರಿ, ವಿಡಿಯೋ ಹಾಕಿ, ಬಾಗಿಲು ಮುಚ್ಚಿ, ಯಾರಿಗೂ ಹೇಳಕೂಡದು, ಅಲ್ಲಾಡಕೂಡದು ಎಂದ. ನಾನು ರಾಗಿ ಚೀಲಗಳ ಕೋಣೆಯಲ್ಲಿ ಚಿಲಕ ಹಾಕಿಕೊಂಡು, ಚೀಲವೊಂದಕ್ಕೆ ಫೋನ್ ಒರಗಿಸಿ, ಎತ್ತಿ ಕಟ್ಟಿದ ಲುಂಗಿಯನ್ನು ಮರ್ಯಾದೆಗೆ ಇಳಿಸಿ ಕೂತೆ. ಮಕ್ಕಳಿಗೆ ಹೇಳಿಕೊಟ್ಟಿದ್ದ ಒಂದು ಮಾತೂ ನೆನಪಿಗೆ ಬರಲಿಲ್ಲ. ಅವನು ಆಸ್ತಿ ವಿವರ ಕೇಳಿದ. ಎಷ್ಟು ತೆಂಗಿನ ಮರ ಎಂದರೆ, ಅಂಥ ಗಾಬರಿಯಲ್ಲೂ ಬಾಯಿ ತಾನಾಗಿಯೇ ಏನೋ ಒಂದಷ್ಟಿವೆ ಎಂದಿತು. ಸುಳ್ಳು ಹೇಳಿದರೆ ಶಿಕ್ಷೆ ಜಾಸ್ತಿ ಎಂದು ಗದರಿದ.

ಹೊರಗೆ ಒಂದೊಂದೇ ದನಿ ಏಳತೊಡಗಿತು. ಮೇಷ್ಟ್ರು ಎಲ್ಲಿ ಎಂದು ರಂಗಪ್ಪ, ಕೆಲಸದ ದಿನವೇ ಮಾಯವಾಗುವುದು ಇವರ ಹುಟ್ಟುಗುಣ ಎಂದು ಸರೋಜ. ಗಂಟೆ ಕಳೆಯಿತು. ಗುಂಪಿನವರು ಸುಮ್ಮನೆ ಕೂತು ಎಲೆಯಡಿಕೆಯನ್ನೂ ಹಾಕಿ ಮುಗಿಸಿ, ಗೂಟ ಕೀಳುವ ಮಾತಾಡುತ್ತಿದ್ದರು. ಆ ಕೋಣೆಯ ಚಿಲಕ ಹೆಸರಿಗಷ್ಟೇ ಇರುವುದು. ಬಾಗಿಲು ಕಿರ್ರೆಂದು ತೆರೆದುಕೊಂಡಿತು, ಅವ್ವ ನಿಂತಿದ್ದಳು.

ನಾನು ಕಣ್ಣಿನಲ್ಲೇ ಹೋಗು ಹೋಗು ಎಂದೆ. ಅವ್ವ ಹತ್ತು ದಿನದ ಮೌನ ಮುರಿದು, "ಯಾಕ್ಲಾ, ಮೈಗೆ ಸರಿಯಿಲ್ವಾ?" ಎಂದಳು. ಆಮೇಲೆ ಫೋನಿನಲ್ಲಿ ಟೋಪಿ ಹಾಕಿದ್ದವನನ್ನು ಕಂಡಳು. ಯಾರಮ್ಮ ನೀನು, ಇದು ಹುಡುಗಾಟವಲ್ಲ, ನಿನ್ನ ಮಗ ಪುಡಿ ಕಟ್ಟಿ ಸಾಗಿಸಿದ್ದನ್ನು ಒಪ್ಪಿಕೊಂಡಿದ್ದಾನೆ ಎಂದು ಅವನು ಅಬ್ಬರಿಸಿದ. ಅವ್ವ ನನ್ನನ್ನೂ ಅವನನ್ನೂ ನೋಡಿ ಚೀಲದ ಮೇಲೆ ಕೂತಳು.

"ಇವ್ನಿಗೆ ಪಂಚೆ ಗಂಟೇ ನೆಟ್ಟಗೆ ಹಾಕಕ್ ಬರಲ್ಲ, ಹಿಟ್ಟಿನ ಗಂಟ್ ಎಲ್ ಹಾಕ್ತಾನಪ್ಪ? ಕಟ್ಟಿದ್ದು ನಾನು. ಮಗಳಿಗೆ ಹೋದ ವಾರನೇ ಮುಟ್ತು, ಮೊನ್ನೆ ಸರೋಜನ ಫೋನಿಗ್ ಮಾಡಿ, ಉಂಡಿದ್ದೂ ಆಯ್ತು ಕಣವ್ವ ಅಂದ್ಲು. ನೀನ್ ಹಿಡ್ದಿರೋ ಹಿಟ್ಟು ಯಾರ್ದೋ ನೋಡು."

ಟೋಪಿಯವನು ಬಾಯಿ ತೆರೆದ. ಅವ್ವ ಬಿಡಲಿಲ್ಲ. "ಪೊಲೀಸ್ನೋನಾದ್ರೆ ಮನೆಗ್ ಬಾ. ಹತ್ತನ್ನೆರಡ್ ಜನಕ್ಕೆ ಮಾಡಿದೀವಿ, ನಿಂಗೂ ಒಂದ್ ಮುದ್ದೆ ಆಯ್ತದೆ. ಅಲ್ಲೀಗಂಟ ಇವ್ನು ಕಾಯಿ ಇಳಿಸ್ಲಿ, ಬುಡು." ಎಂದವಳೇ ಫೋನ್ ಎತ್ತಿ ಕಿಟಕಿಯಲ್ಲಿ ಅಂಗಳದ ಕಡೆ ಮುಖ ಮಾಡಿ ನಿಲ್ಲಿಸಿದಳು. ಬೇಕಾದರೆ ನೋಡುತ್ತಿರಲಿ ಎನ್ನುವುದು ಅವಳ ಭಾವ. ನಾನು ಅಟ್ಟ ಹತ್ತುವಾಗಲೂ ಅವನು ಅಲ್ಲೇ ಇದ್ದ. ಮೊದಲ ಕಾಯಿ ಅವ್ವನ ಕೈಗೆ ಬಂದು ಅವಳು ಹೂಂ ಎಂದಾಗ ನೋಡಿದರೆ ಅವನೇ ಫೋನ್ ಇಟ್ಟುಬಿಟ್ಟಿದ್ದ.

ಡಬ್ಬ ತಲುಪಿದ ಸುದ್ದಿ ಮನೆಯ ಹೆಂಗಸರಿಬ್ಬರಿಗೂ ಗೊತ್ತಿತ್ತು. ನನಗೆ ಹೇಳದೆ ಇದ್ದದ್ದಕ್ಕೆ ಕಾರಣ ನನ್ನ ಬೀರುವಿನಲ್ಲಿತ್ತು. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಬೀಗ ತೆಗೆದು ಫೋನನ್ನು ಅವ್ವನ ಮಡಿಲಿಗೆ ಹಾಕಿದೆ. ತಪ್ಪಾಯಿತು ಎನ್ನಬೇಕೆಂದಿದ್ದೆ, ಚಾರ್ಜಿಗೆ ಹಾಕಬೇಕು ಎಂದೆ. ಅವ್ವ ಅದನ್ನು ಸೆರಗಿನಲ್ಲಿ ಒರೆಸುತ್ತಾ ತಗ್ಗಿದ ದನಿಯಲ್ಲಿ, "ನಾನೇ ಕಟ್ಟಿದ್ದು ಅಂತ ಯಾಕಂದ್ಯೋ?" ಎಂದು ಕೇಳಿದಳು. ನಿನ್ನನ್ನು ಕರೆದುಕೊಂಡು ಹೋಗಿಬಿಡುತ್ತಾರೇನೋ ಅಂತ ಹೆದರಿಕೆಯಾಯಿತು ಎಂದೆ. ಅವ್ವ ಎದ್ದು ಅಡುಗೆಮನೆಗೆ ಹೋದಳು. ಊಟಕ್ಕೆ ಕೂತಾಗ ನನ್ನ ಮುದ್ದೆಯ ಗುಳಿಯಲ್ಲಿ ಮಾತ್ರ ಎರಡು ಮಿಳ್ಳೆ ತುಪ್ಪವಿತ್ತು. ರಂಗಪ್ಪ ಅದನ್ನು ನೋಡಿ ತನ್ನ ಮುದ್ದೆಯನ್ನೂ ನೋಡಿಕೊಂಡ.

ಮರುದಿನ ಸಂಜೆ ನಾನು ಸ್ಕೂಲಿನಿಂದ ಬಂದಾಗ ಅವ್ವ ಜಗಲಿಯಲ್ಲಿ ಫೋನ್ ಹಿಡಿದು ಕೂತಿದ್ದಳು. ಯಾರೋ ಕರೆಂಟು ಕಿತ್ತುಹಾಕುತ್ತೇವೆ ಎಂದು ಹೆದರಿಸಲು ಮಾಡಿದ್ದ ಫೋನಂತೆ. ಅವನು ಹೆದರಿಸುತ್ತಲೇ ಇದ್ದ, ಅವ್ವ ಹೇಳುತ್ತಲೇ ಇದ್ದಳು. "ನನ್ ಮಗ ಜೈಲಿಗೋಗ್ ಬಂದ ಕಣಪ್ಪ. ಕದ್ದಲ್ಲ. ನಾನ್ ಕಟ್ಟಿದ್ ಹಿಟ್ಟಿಗೆ, ಅವ್ವನ್ ಮುಟ್ಬ್ಯಾಡಿ, ನಾನೇ ಕಟ್ಟಿದ್ದು ಅಂತ ಒಪ್ಕಂಡವ್ನೆ. ಮೂರ್ ಗಂಟೆ ಒಂದ್ ತೊಟ್ ನೀರಿಲ್ದೆ ಕೂರ್ಸಿದ್ರು. ನೀನೂ ನಿಮ್ಮವ್ವಂಗೆ ಆಗಾಗ ಒಂದ್ ಫೋನ್ ಮಾಡು ಕಣ್ಲಾ." ಆ ಕಡೆಯವನು ಯಾಕೋ ಹೆದರಿಸುವುದನ್ನು ನಿಲ್ಲಿಸಿದ್ದ. ನಾನು ಒಳಗಿದ್ದದ್ದು ಒಂದು ಗಂಟೆಯ ಮೇಲೆ ಐದೋ ಹತ್ತೋ ನಿಮಿಷ, ಅದೂ ಕಾಫಿ ಕುಡಿದು. ತಿದ್ದೋಣವೆಂದು ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅವ್ವ ಅದನ್ನು ಮತ್ತೆ ಮೊದಲಿನಿಂದ ಶುರುಮಾಡಿದ್ದಳು, ಮೂರು ಗಂಟೆ ಇಡೀ ಹಗಲಾಗಿತ್ತು. ನಾನು ಚಪ್ಪಲಿಯ ಸದ್ದಾಗದ ಹಾಗೆ ಕಂಬದ ಮರೆಗೆ ಸರಿದು, ಪೂರ್ತಿ ಕೇಳಿಸಿಕೊಂಡೆ.